ನಡುವಣವರ ಮಕ್ಕಳೂ ಹಾರ್ವರ್ಡಿನ ಶುಲ್ಕವೂ

ಬಡವನಿಗೆ ದತ್ತಿಯುಂಟು, ಸಿರಿವಂತನಿಗೆ ಹಣವುಂಟು, ನಡುವಣವನ ಗತಿಯೇನು? ಅಮೆರಿಕೆಯ ಖಾಸಗಿ ವಿಶ್ವವಿದ್ಯಾನಿಲಯಗಳ ಬಾಗಿಲಲ್ಲಿ ಈ ಪ್ರಶ್ನೆ ಬಹುಕಾಲದಿಂದ ನಿಂತಿದೆ. 1643ರಲ್ಲಿ ಲಂಡನ್ನಿನ ಆ್ಯನ್ ಮೌಲ್ಸನ್ ಎಂಬಾಕೆ ಹಾರ್ವರ್ಡಿಗೆ 100 ಪೌಂಡು ಕೊಟ್ಟದ್ದು ಬಡ ವಿದ್ಯಾರ್ಥಿಯೊಬ್ಬನ ಸಲುವಾಗಿ. ಮಧ್ಯಮವರ್ಗದ ಹೆಸರನ್ನೇ ಹೊತ್ತ ಶಾಸನಕ್ಕೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಅದು ಸಹಾಯಧನದ ಎಲ್ಲೆಯನ್ನು ತುಸು ಹಿಗ್ಗಿಸಿತು. ಸರ್ಕಾರದ ಖಾತರಿಯುಳ್ಳ ವಿದ್ಯಾರ್ಥಿಸಾಲಕ್ಕಿದ್ದ ಆದಾಯಮಿತಿಯನ್ನಂತೂ ತೆಗೆದೇ ಹಾಕಿತು. ಸಾಲವೂ ಒಂದು ಸಹಾಯವೆ? ಇರಲಿ. ಆ ಔದಾರ್ಯವೂ ಮೂರು ವರ್ಷ ಬಾಳಿತಷ್ಟೆ. 1981ರಲ್ಲಿ, ರೇಗನ್ನರ ಆಡಳಿತದಲ್ಲಿ, 30,000 ಡಾಲರಿಗೆ ಮೇಲ್ಪಟ್ಟ ಆದಾಯದವರು ತಮ್ಮ ಅಗತ್ಯವನ್ನು ಮತ್ತೆ ರುಜುವಾತುಪಡಿಸಬೇಕಾಯಿತು. 2001ರಲ್ಲಿ ಪ್ರಿನ್ಸ್‌ಟನ್ ಸಾಲದ ಬದಲು ಅನುದಾನವನ್ನೇ ನೀಡಲು ನಿಶ್ಚಯಿಸಿತು. 2025ರಲ್ಲಿ ಹಾರ್ವರ್ಡ್, 2,00,000 ಡಾಲರಿನವರೆಗೆ ಆದಾಯವಿರುವ, ಸಾಧಾರಣ ಆಸ್ತಿಯ ಕುಟುಂಬಗಳಿಗೆ ಬೋಧನಾಶುಲ್ಕವನ್ನು ಬಿಟ್ಟುಕೊಟ್ಟಿತು. ಆದರೆ ಅಲ್ಲಿ ನೂರು ಅರ್ಜಿಗಳಲ್ಲಿ ಐದಕ್ಕೂ ಸ್ಥಾನ ದೊರೆಯದು.