ಶಕ್ತಿಯ ರೂಪಗಳು ಮತ್ತು ಮುಂಬಯಿಯ ವಿದ್ಯುತ್ತು

ಕೆಲಸ ಮಾಡುವ ಸಾಮರ್ಥ್ಯವನ್ನೇ ಶಕ್ತಿಯೆಂದು ಕರೆಯುತ್ತಾರೆ. ಅದನ್ನು ಹೊಸದಾಗಿ ಸೃಷ್ಟಿಸಲಾಗದು, ನಾಶಗೊಳಿಸಲೂ ಆಗದು. ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಬಹುದಷ್ಟೆ. ಎತ್ತರದಲ್ಲಿ ನಿಂತ ನೀರಿನಲ್ಲಿರುವುದು ಪ್ರಚ್ಛನ್ನ ಶಕ್ತಿ. ಹರಿಯುವ ನೀರಿನಲ್ಲಿರುವುದು ಚಲನ ಶಕ್ತಿ. ಕಲ್ಲಿದ್ದಲಿನಲ್ಲಿಯೂ ನಾವು ಉಣ್ಣುವ ಅನ್ನದಲ್ಲಿಯೂ ರಾಸಾಯನಿಕ ಶಕ್ತಿ ಅಡಗಿದೆ. ಯುರೇನಿಯಂನಲ್ಲಿರುವುದು ಪರಮಾಣು ಶಕ್ತಿ. ಉಷ್ಣ, ಬೆಳಕು, ಶಬ್ದಗಳೂ ಶಕ್ತಿಯ ರೂಪಗಳೇ. ಈ ಮೂಲಗಳ ಶಕ್ತಿಯನ್ನು ದೂರದಿಂದ ನಮ್ಮ ಮನೆಬಾಗಿಲಿಗೆ ಹೊತ್ತು ತರುವ ವಾಹಕವೇ ವಿದ್ಯುತ್ತು.

ಈ ಪರಿವರ್ತನೆಗೆ ಮುಂಬಯಿಯೇ ಉತ್ತಮ ನಿದರ್ಶನ. ನಗರದ ಹತ್ತಿಗಿರಣಿಗಳು ಕಲ್ಲಿದ್ದಲು ಉರಿಸಿ ನಡೆಯುತ್ತಿದ್ದ ಕಾಲದಲ್ಲಿ, ಪಶ್ಚಿಮ ಘಟ್ಟದ ಮಳೆನೀರಿನಿಂದ ವಿದ್ಯುತ್ ಪಡೆಯುವ ಕನಸನ್ನು ಜಮ್‌ಶೇಟ್‌ಜಿ ಟಾಟಾ ಕಂಡಿದ್ದರು. ಅವರು 1904ರಲ್ಲಿ ನಿಧನರಾದರು. ಖೋಪೋಲಿ ವಿದ್ಯುದಾಗಾರವು 1915ರಲ್ಲಿ ಕಾರ್ಯಾರಂಭ ಮಾಡಿತು. ಲೋಣಾವಳಾ ಪರಿಸರದ ಜಲಾಶಯಗಳ ನೀರು ಅಲ್ಲಿ ಕೊಳವೆಗಳ ಮೂಲಕ ಸುಮಾರು 500 ಮೀಟರ್ ಕೆಳಗಿಳಿದು ಟರ್ಬೈನುಗಳನ್ನು ತಿರುಗಿಸುತ್ತದೆ. ತಂತಿಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದರು. ಟರ್ಬೈನಿಗೆ ಜೋಡಿಸಿದ ಜನರೇಟರ್ ನಡೆಯುವುದು ಇದೇ ತತ್ತ್ವದ ಮೇಲೆ. ಟ್ರಾಂಬೆಯಲ್ಲಿ ಇಂಧನ ಉರಿಸಿ, 1969ರಲ್ಲಿ ಆರಂಭವಾದ ತಾರಾಪುರದಲ್ಲಿ ಪರಮಾಣುವಿನ ಉಷ್ಣದಿಂದ ನೀರು ಕುದಿಸಿ ಉಗಿಯನ್ನು ಪಡೆಯುತ್ತಾರೆ. ಒಲೆ ಬೇರೆಯಾದರೂ ತಿರುಗುವ ಚಕ್ರದ ಕೆಲಸ ಒಂದೇ.

ತಂತಿಯಲ್ಲಿ ವಿದ್ಯುತ್ತನ್ನು ನೂಕುವ ಒತ್ತಡವನ್ನು ವೋಲ್ಟ್‌ನಿಂದಲೂ, ಪ್ರವಾಹವನ್ನು ಆಂಪಿಯರ್‌ನಿಂದಲೂ ಅಳೆಯುತ್ತಾರೆ. ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯೇರಿ ಶಕ್ತಿ ವ್ಯರ್ಥವಾಗುತ್ತದೆ. ಆದುದರಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಒತ್ತಡವನ್ನು ಏರಿಸಿ, ಪ್ರವಾಹವನ್ನು ತಗ್ಗಿಸಿ ದೂರಕ್ಕೆ ಸಾಗಿಸುತ್ತಾರೆ. ಮನೆಯ ಸಮೀಪ ಅದನ್ನು ಮತ್ತೆ 230 ವೋಲ್ಟ್‌ಗೆ ಇಳಿಸುತ್ತಾರೆ. 1902ರಲ್ಲಿಯೇ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ನಮ್ಮ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 1,000 ವ್ಯಾಟ್ ಸಾಮರ್ಥ್ಯದ ಉಪಕರಣವನ್ನು ಒಂದು ಗಂಟೆ ನಡೆಸುವ ಶಕ್ತಿ. 2,000 ವ್ಯಾಟ್‌ನ ಗೀಸರ್ ಇದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. 75 ವ್ಯಾಟ್‌ನ ಫ್ಯಾನ್ ಇದರಲ್ಲೇ 13 ಗಂಟೆ ತಿರುಗುತ್ತದೆ. ದಾರಿಯ ನಷ್ಟವನ್ನೆಲ್ಲ ಬಿಟ್ಟರೂ, ಈ ಒಂದು ಯೂನಿಟ್‌ಗಾಗಿ 700 ಲೀಟರಿಗೂ ಹೆಚ್ಚು ನೀರು 500 ಮೀಟರ್ ಎತ್ತರದಿಂದ ಇಳಿಯಬೇಕು.

ನೀರನ್ನು ಜಲಾಶಯದಲ್ಲಿ ಕೂಡಿಡಬಹುದು. ಆದರೆ ಇಡೀ ನಗರಕ್ಕೆ ಸಾಲುವಷ್ಟು ವಿದ್ಯುತ್ತನ್ನು ಹಾಗೆ ಕೂಡಿಡುವುದು ಸುಲಭವಲ್ಲ. ಪ್ರತಿ ಕ್ಷಣದ ಉತ್ಪಾದನೆ ಮತ್ತು ಬಳಕೆ ಸರಿದೂಗಬೇಕು. 2020ರ ಅಕ್ಟೋಬರ್ 12ರಂದು ಪ್ರಸರಣ ಮಾರ್ಗಗಳಲ್ಲಿನ ದೋಷದಿಂದ ಈ ಸಮತೋಲನ ಕೆಟ್ಟಾಗ ಮುಂಬಯಿ, ಠಾಣೆ, ನವಿ ಮುಂಬಯಿಯ ಬಹುಭಾಗ ಕತ್ತಲಾಯಿತು. ಲೋಕಲ್ ರೈಲುಗಳು ಹಳಿಗಳ ಮೇಲೆಯೇ ನಿಂತವು. ಗುಂಡಿ ಒತ್ತಿದೊಡನೆ ಬೆಳಕು ಬರುವುದರ ಹಿಂದೆ ಎಷ್ಟು ದೊಡ್ಡ ವ್ಯವಸ್ಥೆಯಿದೆಯೆಂದು ಅಂದು ಎಲ್ಲರಿಗೂ ಮನವರಿಕೆಯಾಯಿತು.

ಬರಿದಾದ ಕೋಣೆಯ ದೀಪ ಆರಿಸುವುದು ಕೇವಲ ಹಣದ ಉಳಿತಾಯವಲ್ಲ. ಅಷ್ಟರ ಮಟ್ಟಿಗೆ ಘಟ್ಟದ ನೀರು ಉಳಿಯುತ್ತದೆ, ಟ್ರಾಂಬೆಯ ಇಂಧನ ಉಳಿಯುತ್ತದೆ. ಮನೆಯ ಮಕ್ಕಳಿಗೆ ಇದನ್ನು ತಿಳಿಸಿಕೊಡುವುದು ಹಿರಿಯರ ಹೊಣೆ.