ಸೋರುವ ಪೀಪಾಯಿಯ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಗಣಿತ ಬೋಧಿಸುತ್ತಾ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ಅಂದು ನನ್ನ ತರಗತಿಯಲ್ಲಿ ಕುಳಿತಿದ್ದವರಲ್ಲಿ ಹಲವರು ಇಂದು ಈ ಬರಹಗಳನ್ನು ಓದುತ್ತಿದ್ದೀರಿ. ತೊಟ್ಟಿ ಮತ್ತು ಕೊಳವೆಗಳ ಲೆಕ್ಕ ನಿಮಗಿನ್ನೂ ನೆನಪಿರಬಹುದು. ಒಂದು ಕೊಳವೆ ತೊಟ್ಟಿಯನ್ನು ತುಂಬುತ್ತದೆ, ಇನ್ನೊಂದು ಬರಿದುಮಾಡುತ್ತದೆ, ಎರಡನ್ನೂ ತೆರೆದರೆ ಎಷ್ಟು ಹೊತ್ತು? ಈ ಲೆಕ್ಕದ ಪೂರ್ವೇತಿಹಾಸವನ್ನೂ, ಅದು ಹೇಳದೆ ಬಿಟ್ಟ ಒಂದು ಸಂಗತಿಯನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಈ ಲೆಕ್ಕ ಆಂಗ್ಲರು ತಂದದ್ದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಕೊಳವೆಗಳಿಂದ ಬಾವಿ ತುಂಬುವ ಲೆಕ್ಕವಿದೆ. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ 'ಲೀಲಾವತಿ'ಯಲ್ಲಿ ನಾಲ್ಕು ತೊರೆಗಳು ಬರುತ್ತವೆ. ಅವು ಬೇರೆ ಬೇರೆಯಾಗಿ 1 ದಿನ, ಅರ್ಧ ದಿನ, ಮೂರನೇ ಒಂದು ದಿನ, ಆರನೇ ಒಂದು ದಿನದಲ್ಲಿ ಕೊಳವನ್ನು ತುಂಬುತ್ತವೆ. ಒಟ್ಟಿಗೆ ಬಿಟ್ಟರೆ 1, 2, 3, 6 ಕೂಡಿ 12. ಆದ್ದರಿಂದ ದಿನದ ಹನ್ನೆರಡನೇ ಒಂದು ಭಾಗ ಸಾಕು. ಭಿನ್ನರಾಶಿ ಕಲಿಸಲು ಇದಕ್ಕಿಂತ ಸೊಗಸಾದ ಉದಾಹರಣೆ ಇಲ್ಲ. ಆದರೆ ಇಲ್ಲೆಲ್ಲಾ ಒಂದು ನಂಬಿಕೆ ಅಡಗಿದೆ: ನೀರು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಹರಿಯುತ್ತದೆ ಎಂಬುದು.

ಈಗ ತಳದಲ್ಲಿ ಸಣ್ಣ ತೂತಾಗಿರುವ ಸಿಲಿಂಡರಿನಾಕಾರದ ಪೀಪಾಯಿಯೊಂದನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 16 ಅಂಗುಲ ನೀರಿದೆ. ಪೂರ್ತಿ ಬರಿದಾಗಲು 4 ಗಳಿಗೆ, ಅಂದರೆ 96 ನಿಮಿಷ ಹಿಡಿಯುತ್ತದೆ. ಮೊದಲ ಗಳಿಗೆಯಲ್ಲಿ ನೀರು ಎಷ್ಟು ಇಳಿದೀತು? ತೊಟ್ಟಿಯ ಲೆಕ್ಕದಂತೆ 4 ಅಂಗುಲ ಎನ್ನಬೇಕು. ವಾಸ್ತವದಲ್ಲಿ ಇಳಿಯುವುದು 7 ಅಂಗುಲ! ಎರಡನೆಯ ಗಳಿಗೆಯಲ್ಲಿ 5, ಮೂರನೆಯದರಲ್ಲಿ 3, ಕೊನೆಯದರಲ್ಲಿ ಕೇವಲ 1. ಉಳಿಯುವ ನೀರಿನ ಎತ್ತರ 16, 9, 4, 1, ಸೊನ್ನೆ. ಎಲ್ಲವೂ ವರ್ಗಸಂಖ್ಯೆಗಳು.

ಇದರ ಕಾರಣವನ್ನು 1644ರಲ್ಲಿ ಪ್ರಕಟಿಸಿದವನು ಇಟಲಿಯ ಟಾರಿಸೆಲ್ಲಿ. ತೂತಿನಿಂದ ಚಿಮ್ಮುವ ನೀರಿನ ವೇಗ, ಮೇಲ್ಮಟ್ಟದಿಂದ ತೂತಿನವರೆಗೆ ಸ್ವತಂತ್ರವಾಗಿ ಬಿದ್ದ ಹನಿಯ ವೇಗಕ್ಕೆ ಸಮ ಎಂಬುದು ಅವನ ನಿಯಮ. ಎಂದರೆ ವೇಗವು ಆಳದ ವರ್ಗಮೂಲವನ್ನು ಅನುಸರಿಸುತ್ತದೆ. ಆಳ ನಾಲ್ಕನೇ ಒಂದಾದರೆ ವೇಗ ಅರ್ಧವಾಗುತ್ತದೆ. ಟಾರಿಸೆಲ್ಲಿಯ ಗುರು ಗೆಲಿಲಿಯೋ, ಬೀಳುವ ವಸ್ತುವು ಸಮಕಾಲಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರ ಕ್ರಮಿಸುತ್ತದೆಂದು ತೋರಿಸಿದ್ದನು. ಗುರುವಿನ ಕಲ್ಲು ಬೀಳುವ ಲೆಕ್ಕವನ್ನೇ ಶಿಷ್ಯನ ಪೀಪಾಯಿ ತಿರುವುಮುರುವಾಗಿ ಒಪ್ಪಿಸುತ್ತದೆ. ತೂತಿನ ಬಳಿ ನೀರಿನ ಧಾರೆ ಕೊಂಚ ಸೊರಗುವುದುಂಟು. ಅದರಿಂದ ಒಟ್ಟು ಕಾಲ ಬದಲಾದೀತೇ ಹೊರತು ಈ ಅನುಪಾತವಲ್ಲ.

ನಿಯಮ ಬರುವುದಕ್ಕೆ ಬಹು ಹಿಂದೆಯೇ ಜನರಿಗೆ ತೊಡಕಿನ ಅನುಭವವಾಗಿತ್ತು. ನೀರಿನಿಂದ ಕಾಲವನ್ನು ಅಳೆಯಹೊರಟವರಿಗೆ ಇದು ತಪ್ಪಿದ್ದಲ್ಲ. ಈಜಿಪ್ಟಿನ ಕಾರ್ನಾಕ್‌ನಲ್ಲಿ ದೊರೆತ, ಕ್ರಿ.ಪೂ. 14ನೇ ಶತಮಾನದ ನೀರಿನ ಗಡಿಯಾರದ ಬದಿಗಳು ಮೇಲಕ್ಕೆ ಅಗಲವಾಗಿವೆ; ನೀರು ರಭಸವಾಗಿ ಸೋರುವಾಗಲೂ ಮಟ್ಟವು ಬೇಗ ಇಳಿಯಬಾರದೆಂಬ ಉಪಾಯ. ಕೌಟಿಲ್ಯನ ಅರ್ಥಶಾಸ್ತ್ರವು ನಾಲ್ಕು ಅಂಗುಲ ಉದ್ದದ ಚಿನ್ನದ ತಂತಿಯ ಗಾತ್ರದ ರಂಧ್ರವುಳ್ಳ ಕುಂಭವನ್ನು ಹೇಳುತ್ತದೆ. ಅದರಿಂದ ಒಂದು ಆಢಕ ನೀರು ಸೋರುವ ಕಾಲವೇ ಒಂದು ನಾಳಿಕೆ.

ಮುಂದೆ ನಮ್ಮವರು ಸೋರುವ ಕುಂಭವನ್ನು ಬಿಟ್ಟು ಮುಳುಗುವ ಬಟ್ಟಲನ್ನು ಹಿಡಿದರು. ತಳದಲ್ಲಿ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುತ್ತದೆ. ಹಗಲಿರುಳಿಗೆ 60 ಬಾರಿ. ಇದೇ ಗಳಿಗೆ ಬಟ್ಟಲು. ಇದರ ಜಾಣ್ಮೆಯನ್ನು ಗಮನಿಸಿ. ತೇಲುವ ಪಾತ್ರೆಯ ಹೊರಗಿನ ನೀರು ಒಳಗಿನದಕ್ಕಿಂತ ಎಷ್ಟು ಮೇಲಿರಬೇಕೆಂಬುದನ್ನು ಪಾತ್ರೆಯ ತೂಕ ನಿರ್ಧರಿಸುತ್ತದೆ. ತೂಕ ಬದಲಾಗದು. ಆದ್ದರಿಂದ ನೇರ ಬದಿಯ ಪಾತ್ರೆಯಾದರೆ ನೀರು ಒಳಬರುವ ವೇಗವೂ ಬದಲಾಗದು. ಬಟ್ಟಲು ದುಂಡಗಿದ್ದರೂ ಚಿಂತೆಯಿಲ್ಲ. ಪ್ರತಿ ಸಲವೂ ಅದು ಹಾಗೆಯೇ ಮುಳುಗುವುದರಿಂದ ಗಳಿಗೆಗಳು ಸಮವಾಗಿರುತ್ತವೆ. ಮದುವೆಯ ಮುಹೂರ್ತವನ್ನು ಕಾದ ಆ ಬಟ್ಟಲು ಮನೆಗಳಿಂದ ಮರೆಯಾದರೂ 'ಶುಭ ಗಳಿಗೆ', 'ಕೆಟ್ಟ ಗಳಿಗೆ' ಎಂಬ ಮಾತುಗಳಲ್ಲಿ ಇನ್ನೂ ತೇಲುತ್ತಿದೆ.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ನನ್ನ ಪಾಲಿಗೆ ಈ ನಾಲ್ಕೂ ಇದೇ ಪಾಠದ ನಾಲ್ಕು ಚಿತ್ರಗಳು. ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟೆಯಿದೆ. ಹೊಳೆಯಲ್ಲಿ ನೀರಿರುವವರೆಗೆ ಹೆಚ್ಚಾದದ್ದು ಕಟ್ಟೆಯ ಮೇಲೆ ಹರಿದುಹೋಗುತ್ತದೆ. ಹಾಗಾಗಿ ನಾಲೆಯ ಬಾಯಿಯಲ್ಲಿ ಮಟ್ಟವು ಹೆಚ್ಚು ಕಡಿಮೆ ಸ್ಥಿರ. ಅಲ್ಲಿ ತೊಟ್ಟಿಯ ಲೆಕ್ಕ ನಡೆಯುತ್ತದೆ. ನಾಗಮಂಗಲದ ಮಳೆಯಾಶ್ರಿತ ಕೆರೆಗಳಾಗಲಿ, ರಾಮಾನುಜಾಚಾರ್ಯರ ಹೆಸರಿನೊಂದಿಗೆ ಪ್ರತೀತಿ ಬೆಳೆದಿರುವ ಪಾಂಡವಪುರದ ತೊಣ್ಣೂರು ಕೆರೆಯಾಗಲಿ ಹಾಗಲ್ಲ. ಮಳೆ ನಿಂತ ಮೇಲೆ ಅವು ತೂಬಿನಿಂದ ಸೋರುವ ಪೀಪಾಯಿಗಳೇ. ಶ್ರೀರಂಗಪಟ್ಟಣದ ಬಳಿಯ ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿ.ಎಂ.ಸಿ. ಮಟ್ಟ 100 ಅಡಿಗೆ ಇಳಿದಾಗ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಮೇಲೆ ಅಗಲ, ಕೆಳಗೆ ಕಿರಿದು. ಅಡಿಗಳೆಲ್ಲ ಸಮವಲ್ಲ ಎಂಬುದನ್ನು ಪತ್ರಿಕೆಯಲ್ಲಿ ನೀರಿನ ಮಟ್ಟವನ್ನು ನೋಡುವ ನಮ್ಮ ರೈತನು ಬಲ್ಲ.

ಈ ಲೆಕ್ಕ ಕೇವಲ ಕುತೂಹಲದ್ದಲ್ಲ ಎಂದು ನಾನು ಭಾವಿಸುವುದು ಸರದಿಯ ಕಾರಣದಿಂದ. ನಾಲ್ವರು ರೈತರು ನಮ್ಮ 16 ಅಂಗುಲದ ಪೀಪಾಯಿಯಿಂದ ತಲಾ ಒಂದು ಗಳಿಗೆ ನೀರು ಪಡೆಯಲೆಂದು ಒಪ್ಪಂದವಾಯಿತೆನ್ನಿ. ಗಡಿಯಾರದ ಪ್ರಕಾರ ಪರಮ ನ್ಯಾಯ. ಆದರೆ ಮೊದಲನೆಯವನಿಗೆ 7 ಪಾಲು, ನಾಲ್ಕನೆಯವನಿಗೆ 1 ಪಾಲು! ನಾಲ್ವರಿಗೂ 4 ಅಂಗುಲವೇ ದೊರೆಯಬೇಕಾದರೆ ಕ್ರಮವಾಗಿ ಸುಮಾರು 13, 15, 20, 48 ನಿಮಿಷ ಕೊಡಬೇಕು. ಕಡೆಯವನಿಗೆ ಒಟ್ಟು ಕಾಲದ ಅರ್ಧವೇ ಬೇಕು. ಕೆರೆಯು ಸಿಲಿಂಡರ್ ಅಲ್ಲವಾದ್ದರಿಂದ ಅಂಕಿಗಳು ಬೇರೆಯಾಗುತ್ತವೆ, ನಿಜ. ಆದರೂ ತೂಬಿನ ಬಾಯಿಯನ್ನು ಬದಲಿಸದಿದ್ದರೆ, ನೀರು ತಗ್ಗಿದಂತೆ ಧಾರೆಯೂ ತಗ್ಗುವುದೆಂಬ ಮಾತು ಎಲ್ಲ ಕೆರೆಗಳಿಗೂ ಸಲ್ಲುತ್ತದೆ.

ಕೆರೆಯ ನೀರುಗಂಟಿಯ ಹುದ್ದೆಯ ಮಹತ್ವವಿರುವುದು ಇಲ್ಲಿಯೇ. ಕೆರೆ ತುಂಬಿದಾಗ ತೂಬಿನ ಬಿರಡೆಯನ್ನು ಕೊಂಚವೇ ಎತ್ತಿ, ನೀರು ಇಳಿದಂತೆ ಹೆಚ್ಚು ಎತ್ತುವವನು ಕಾಲುವೆಯ ಧಾರೆಯನ್ನು ಸಮವಾಗಿಡುತ್ತಾನೆ. ಆ ಕೈಗೆ ವರ್ಗಮೂಲದ ಹೆಸರು ತಿಳಿಯಬೇಕಾಗಿಲ್ಲ. ಧಾರೆಯನ್ನು ನೋಡುವ ಕಣ್ಣು ಸಾಕು. ತೂಬನ್ನು ಒಮ್ಮೆ ತೆರೆದು, ಗಡಿಯಾರವನ್ನಷ್ಟೇ ನಂಬಿ ಕುಳಿತರೆ ಕಡೆಯ ಗದ್ದೆ ಒಣಗುತ್ತದೆ, ಜಗಳವೂ ಹುಟ್ಟುತ್ತದೆ.

ನಿಮ್ಮ ಮಕ್ಕಳು ತೊಟ್ಟಿಯ ಲೆಕ್ಕ ಮಾಡುತ್ತಿದ್ದರೆ ಒಂದು ಪ್ಲಾಸ್ಟಿಕ್ ಬಾಟಲಿಯ ನೇರ ಭಾಗದಲ್ಲಿ ತೂತು ಮಾಡಿಕೊಡಿ. ತೂತಿನಿಂದ ಮೇಲಕ್ಕೆ 1, 4, 9, 16ರ ಪ್ರಮಾಣದಲ್ಲಿ ಗೆರೆಗಳನ್ನೆಳೆದು, ಒಂದು ಗೆರೆಯಿಂದ ಇನ್ನೊಂದಕ್ಕೆ ನೀರು ಇಳಿಯುವ ಹೊತ್ತನ್ನು ಎಣಿಸಲು ಹೇಳಿ. ಗೆರೆಗಳ ನಡುವಣ ಅಂತರ ಬೇರೆ ಬೇರೆಯಾದರೂ ಹೊತ್ತು ಒಂದೇ ಬರುವುದನ್ನು ಅವರು ತಾವಾಗಿಯೇ ಕಾಣಲಿ. ಆ ಬಳಿಕ ನಾಲ್ವರು ರೈತರ ಪ್ರಶ್ನೆಯನ್ನು ಕೇಳಿ.