ಡರೆಲ್ ಅಮ್ಮನ ಮೂರನೇ ಊರು

ಅಮ್ಮ ಲೀಡ್ಸ್‌ಗೆ ಬಂದು ಐದು ತಿಂಗಳಾಯಿತು. ಇಲ್ಲಿಯ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಮೇಲಿಂದ ಜಿಟಿಜಿಟಿ ಮಳೆ. ನಾನು ಆಫೀಸಿನಿಂದ ಬಂದಮೇಲೆ ಸಾರು ಅನ್ನ ಉಂಡು ಇಬ್ಬರೂ ಟೀವಿ ಮುಂದೆ ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಅಮ್ಮನಿಗೆ ಇಂಗ್ಲಿಷ್ ಅರ್ಧಂಬರ್ಧ. ಮುಖ ನೋಡಿ ಕಥೆ ಹಿಡಿಯುತ್ತಾಳೆ, ಹಿಡಿಯದ ಕಡೆ ನಾನು ಹೇಳುತ್ತೇನೆ.

ಬ್ರಿಟಿಷರಿಗೆ ಒಂದು ಜಾತಿಯ ಧಾರಾವಾಹಿಗಳ ಮೇಲೆ ವಿಪರೀತ ಮೋಹ. ಯಾರೋ ಒಬ್ಬರು ಇದ್ದ ಊರು ಬಿಟ್ಟು ಬೇರೆ ಊರಿಗೆ ಹೋಗಿ ಹೊಸದಾಗಿ ಬದುಕು ಕಟ್ಟುವ ಕಥೆ. 1978ರಲ್ಲಿ ಶುರುವಾದ 'ಆಲ್ ಕ್ರೀಚರ್ಸ್ ಗ್ರೇಟ್ ಅಂಡ್ ಸ್ಮಾಲ್'ನಲ್ಲಿ ಹೊಸದಾಗಿ ಓದು ಮುಗಿಸಿದ ದನದ ಡಾಕ್ಟರು ಯಾರ್ಕ್‌ಶೈರ್‌ನ ಹಳ್ಳಿಗಾಡಿಗೆ ಬರುತ್ತಾನೆ. 1996ರ 'ಬ್ಯಾಲಿಕಿಸ್‌ಏಂಜಲ್'ನಲ್ಲಿ ಇಂಗ್ಲಿಷ್ ಪಾದ್ರಿಯೊಬ್ಬ ಐರ್ಲೆಂಡಿನ ಹಳ್ಳಿಗೆ. 2004ರ 'ಡಾಕ್ ಮಾರ್ಟಿನ್'ನಲ್ಲಿ ರಕ್ತ ಕಂಡರೆ ಆಗದ ಲಂಡನ್ ಸರ್ಜನ್ ಕಾರ್ನ್‌ವಾಲ್‌ನ ಕಡಲತೀರಕ್ಕೆ. ಊರವರು ಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ಬಂದವನು ಅವರವನೇ ಆಗುತ್ತಾನೆ. ಸೋಮವಾರದ ಆಫೀಸು ನೆನಪಾಗಿ ಸಂಕಟವಾಗುವ ಭಾನುವಾರ ರಾತ್ರಿಗೆ ಹೇಳಿ ಮಾಡಿಸಿದ ಮದ್ದು.

ನಾವು ನೋಡಿದ್ದು ಐಟಿವಿಯ 'ದಿ ಡರೆಲ್ಸ್'. 2016ರಿಂದ 2019ರವರೆಗೆ ನಾಲ್ಕು ಸರಣಿಗಳಲ್ಲಿ ಬಂತು. 1935ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿದ್ದ ಲೂಯಿಸಾ ಡರೆಲ್ ಎಂಬ ವಿಧವೆ, ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಗ್ರೀಸಿನ ಕೋರ್ಫು ದ್ವೀಪಕ್ಕೆ ಹೊರಟುಬಿಡುತ್ತಾಳೆ. ಇದು ನಿಜವಾಗಿ ನಡೆದದ್ದು. ಕಿರಿಯ ಮಗ ಜೆರಾಲ್ಡ್ ಡರೆಲ್ ಮುಂದೆ ಪ್ರಾಣಿಶಾಸ್ತ್ರದಲ್ಲಿ ಹೆಸರು ಮಾಡಿ, 1956ರಲ್ಲಿ 'ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್' ಅಂತ ಆ ದಿನಗಳ ಬಗ್ಗೆ ಬರೆದ. ಧಾರಾವಾಹಿಗೆ ಅವನ ಕೋರ್ಫು ಪುಸ್ತಕಗಳೇ ಆಧಾರ.

ಬಿಸಿಲು, ಸಮುದ್ರ, ಆಲಿವ್ ತೋಪು, ಮನೆ ತುಂಬಾ ಪ್ರಾಣಿಗಳು. ಅಮ್ಮನಿಗೆ ಇವೆಲ್ಲಕ್ಕಿಂತ ಲೂಯಿಸಾ ಇಷ್ಟವಾದಳು. ಅಪ್ಪ ಹೋದಮೇಲೆ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದು ಸಂಸಾರ ಹೂಡಿದವಳು ಅವಳು. ಎರಡನೇ ಕಂತು ಮುಗಿಯುವಾಗ ಕೇಳಿದಳು:

"ಅಲ್ಲ ಕಣೋ, ಇಷ್ಟು ಜನ ಹೋಗಿ ಬೇರೆ ದೇಶದಲ್ಲಿ ಕೂತುಬಿಟ್ರಲ್ಲ, ಇವರಿಗೆ ಯಾರೂ ವೀಸಾ ಕೇಳ್ಲಿಲ್ವಾ?"

ನಗು ಬಂತು. ಆದರೆ ಅಮ್ಮನ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಧಾರಾವಾಹಿಗಿಂತ ದೊಡ್ಡದು.

ಮೊದಲ ಆಶ್ಚರ್ಯ, ಲೂಯಿಸಾ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ರೂರ್ಕಿಯಲ್ಲಿ, 1886ರಲ್ಲಿ. ಗಂಡ ಲಾರೆನ್ಸ್ ಸ್ಯಾಮ್ಯುಯೆಲ್ ಕೂಡ ಭಾರತದಲ್ಲೇ ಹುಟ್ಟಿದ ಎಂಜಿನಿಯರ್. ಜೆಮ್‌ಶೆಡ್‌ಪುರದಲ್ಲಿ ಸ್ವಂತ ಕಂಪನಿ ಇಟ್ಟುಕೊಂಡು ಟಾಟಾ ಉಕ್ಕಿನ ಕಾರ್ಖಾನೆಯ ಕಟ್ಟಡ ಕೆಲಸಗಳನ್ನು ಮಾಡಿಸುತ್ತಿದ್ದ. ಹಿರಿಯ ಮಗ, ಮುಂದೆ ಕಾದಂಬರಿಕಾರನಾಗಿ ಹೆಸರಾದ ಲಾರೆನ್ಸ್, 1912ರಲ್ಲಿ ಜಲಂಧರದಲ್ಲಿ ಹುಟ್ಟಿದ. ಜೆರಾಲ್ಡ್ 1925ರಲ್ಲಿ ಜೆಮ್‌ಶೆಡ್‌ಪುರದಲ್ಲಿ. ತಾನು ಆಡಿದ ಮೊದಲ ಮಾತೇ 'ಝೂ' ಎಂದು ಜೆರಾಲ್ಡ್ ಹೇಳಿಕೊಳ್ಳುತ್ತಿದ್ದ. ಆ ಮಾತು ಹುಟ್ಟಿದ್ದೂ ಆಗಿನ ಭಾರತದ ಪ್ರಾಣಿಸಂಗ್ರಹಾಲಯದಿಂದಲೇ.

1928ರಲ್ಲಿ ಗಂಡ ತೀರಿಕೊಂಡ. ವಯಸ್ಸು ಇನ್ನೂ ನಲವತ್ತಮೂರು. ಹಿಮಾಲಯದ ಡಾಲ್‌ಹೌಸಿಯಲ್ಲಿ ಅವನ ಸಮಾಧಿ. ಲೂಯಿಸಾ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದಳು. ಎಲ್ಲರೂ ಅದನ್ನು 'ಸ್ವದೇಶಕ್ಕೆ ಮರಳುವುದು' ಅನ್ನುತ್ತಿದ್ದರು. ಆಕೆಗೆ ಅದು ಯಾವ ಸ್ವದೇಶ? ಹುಟ್ಟಿದ್ದು, ಬೆಳೆದಿದ್ದು, ಮದುವೆಯಾಗಿದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಭಾರತದಲ್ಲಿ. ನಮ್ಮ ಕಡೆಯ ಅಡುಗೆಯ ರುಚಿ ಅವಳನ್ನು ಕೊನೆವರೆಗೂ ಬಿಡಲಿಲ್ಲವಂತೆ. ಟೀವಿಯಲ್ಲಿ ಕಥೆ ಬೋರ್ನ್‌ಮತ್‌ನಿಂದ ಶುರುವಾಗುತ್ತದೆ. ನಿಜದಲ್ಲಿ ಅದು ಮಧ್ಯದ ಅಧ್ಯಾಯ. ಕೋರ್ಫು ಅವಳಿಗೆ ಮೂರನೇ ದೇಶ.

ಲಾರೆನ್ಸ್‌ಗೂ ಅಷ್ಟೇ. ಹನ್ನೊಂದನೇ ವಯಸ್ಸಿಗೆ ಓದಲೆಂದು ಇಂಗ್ಲೆಂಡಿಗೆ ಕಳಿಸಿದ್ದರು, ಆ ದೇಶ ಅವನಿಗೆ ಒಗ್ಗಲೇ ಇಲ್ಲ. 'ಪುಡ್ಡಿಂಗ್ ಐಲೆಂಡ್' ಅಂತ ಗೇಲಿ ಮಾಡುತ್ತಿದ್ದ. ಕೋರ್ಫುವಿಗೆ ಹೋಗೋಣ ಎಂದು ಎಲ್ಲರನ್ನೂ ಹೊರಡಿಸಿದವನು ಅವನೇ. ಧಾರಾವಾಹಿಯಲ್ಲಿ ಅವನು ಒಂಟಿ. ನಿಜದಲ್ಲಿ ಅದೇ ವರ್ಷ ನ್ಯಾನ್ಸಿ ಎಂಬುವಳನ್ನು ಮದುವೆಯಾಗಿದ್ದ, ಅವಳೂ ಕೋರ್ಫುವಿನಲ್ಲಿದ್ದಳು. ತಮ್ಮನ ಪುಸ್ತಕ ಅವಳನ್ನು ಬಿಟ್ಟಿತು, ಟೀವಿಯೂ ಬಿಟ್ಟಿತು. ಕಥೆ ಬೆಚ್ಚಗಿರಬೇಕು ಅಂದರೆ ಏನೇನೋ ಹೊರಗಿಡಬೇಕಾಗುತ್ತದೆ ಅಂತ ಕಾಣುತ್ತೆ.

ಕೋರ್ಫು ಜೀವನ ನಾಲ್ಕೇ ವರ್ಷ. 1939ರಲ್ಲಿ ಯುದ್ಧದ ಸುದ್ದಿ ದಟ್ಟವಾದಾಗ, ಇಂಗ್ಲೆಂಡಿನಿಂದ ಬರುತ್ತಿದ್ದ ಹಣ ನಿಂತೀತೆಂಬ ಭಯ ಬಂತು. ಲೂಯಿಸಾ ಜೆರಾಲ್ಡ್‌ನನ್ನು ಕರೆದುಕೊಂಡು ಮರಳಿದಳು. ಇಪ್ಪತ್ತು ವರ್ಷದ ನಂತರ, 1959ರಲ್ಲಿ, ಜೆರಾಲ್ಡ್ ಜೆರ್ಸಿ ದ್ವೀಪದಲ್ಲಿ ತನ್ನದೇ ಝೂ ತೆರೆದ. ಅಳಿವಿನಂಚಿನ ಪ್ರಾಣಿಗಳನ್ನು ಉಳಿಸುವ ಆ ಕೆಲಸ ಇಂದಿಗೂ ನಡೆದಿದೆ.

ಇನ್ನು ವೀಸಾ ವಿಷಯ. 1962ರಲ್ಲೂ 1968ರಲ್ಲೂ ಬ್ರಿಟನ್ ತನ್ನ ವಲಸೆ ಕಾನೂನು ಬಿಗಿ ಮಾಡಿತು. ಗುರಿ ಇದ್ದದ್ದು ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್‌ನಿಂದ ಬರುತ್ತಿದ್ದ ನಮ್ಮಂಥವರ ಮೇಲೆ. ಆದರೆ ಜಲಂಧರದಲ್ಲಿ ಹುಟ್ಟಿದ ಲಾರೆನ್ಸ್ ಕೂಡ ಆ ಬಲೆಗೆ ಬಿದ್ದ! ಆ ಹೊತ್ತಿಗೆ 'ಅಲೆಕ್ಸಾಂಡ್ರಿಯಾ ಕ್ವಾರ್ಟೆಟ್' ಕಾದಂಬರಿಗಳಿಂದ ಜಗತ್ಪ್ರಸಿದ್ಧ, ವಾಸ ಫ್ರಾನ್ಸಿನಲ್ಲಿ. ಬ್ರಿಟನ್ನಿಗೆ ಬರಬೇಕಾದಾಗಲೆಲ್ಲ ಅವನು ವೀಸಾಕ್ಕೆ ಅರ್ಜಿ ಹಾಕಬೇಕಾಗಿತ್ತು ಎಂದು 2002ರಲ್ಲಿ ಗಾರ್ಡಿಯನ್ ಪತ್ರಿಕೆ ಬರೆಯಿತು. ಅವನು ತೀರಿಕೊಂಡು ಹನ್ನೊಂದು ವರ್ಷ ಕಳೆದಿತ್ತು.

ಇನ್ನೊಂದು ತಮಾಷೆ ನೋಡಿ. ಧಾರಾವಾಹಿಯ ಮೊದಲ ಕಂತು ಬಂದದ್ದು 2016ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಇದೇ ಜನ ಯುರೋಪಿಯನ್ ಒಕ್ಕೂಟ ಬಿಡಲು ಮತ ಹಾಕಿದರು. 2021ರಿಂದ ಬ್ರಿಟಿಷ್ ಪ್ರಜೆಯೊಬ್ಬ ಗ್ರೀಸ್ ಸೇರಿದ ಷೆಂಗೆನ್ ದೇಶಗಳಲ್ಲಿ ವೀಸಾ ಇಲ್ಲದೆ ಇರಬಹುದಾದ್ದು 180 ದಿನಗಳಲ್ಲಿ 90 ದಿನ ಮಾತ್ರ. ಇವತ್ತಿನ ಲೂಯಿಸಾ ಹಾಗೆ ಸುಮ್ಮನೆ ಹೋಗಿ ಮನೆ ಬಾಡಿಗೆ ಹಿಡಿದರೆ ಮೂರೇ ತಿಂಗಳಿಗೆ ಗಂಟುಮೂಟೆ ಕಟ್ಟಬೇಕು. ತಮಗೆ ಇಷ್ಟು ಪ್ರಿಯವಾದ ಕಥೆಯ ದಾರಿಯನ್ನು ಇವರು ತಾವೇ ಕಷ್ಟ ಮಾಡಿಕೊಂಡರು.

ಎಲ್ಲೋ ಹೋಗಿ ಹೊಸ ಬದುಕು ಕಟ್ಟುವುದಕ್ಕೆ ಧೈರ್ಯ ಒಂದಿದ್ದರೆ ಸಾಕು ಅಂತ ಈ ಧಾರಾವಾಹಿಗಳು ಹೇಳುತ್ತವೆ. ಧೈರ್ಯ ಬೇಕು, ನಿಜ. ಆದರೆ ಯಾರ ಕೈಯಲ್ಲಿ ಯಾವ ಕಾಗದವಿದೆ ಅನ್ನುವುದೂ ಬೇಕು. ಆ ಕಾಗದದ ಬೆಲೆ ಕಾಲಕಾಲಕ್ಕೆ ಬದಲಾಗುತ್ತದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿ, "ಪಾಪ, ಗಂಡ ಅಲ್ಲಿ, ಮಕ್ಕಳು ಇಲ್ಲಿ. ಅವಳಿಗೆ ತನ್ನೂರು ಅಂತ ಯಾವ್ದು ಅನ್ನಿಸ್ತಿತ್ತೋ" ಅಂದಳು.

ಅಮ್ಮನದು ಆರು ತಿಂಗಳ ವಿಸಿಟರ್ ವೀಸಾ. ಮುಂದಿನ ಶನಿವಾರ ಬೆಂಗಳೂರಿಗೆ ಟಿಕೆಟ್ಟು. ಕೊನೆಯ ಸರಣಿಯಲ್ಲಿ ಇನ್ನೂ ನಾಲ್ಕು ಕಂತು ಉಳಿದಿದೆ. ದಿನಕ್ಕೊಂದರಂತೆ ನೋಡಿದರೆ ಮುಗಿಯುತ್ತೆ ಅಂತ ಅವಳೇ ಲೆಕ್ಕ ಹಾಕಿಟ್ಟಿದ್ದಾಳೆ.